ತುಂಗಭದ್ರೆಯ ಕೂಡಲಿ, ಕಂಬಂ ಕಣಿವೆಯ ಕೂಡಲೂರು!

ಒಡೆದ ಮನೆಯನ್ನು, ಚದುರಿದ ನಾಡನ್ನು ಮತ್ತೆ ‘ಒಂದುಗೂಡಿಸು’ ಎನ್ನುತ್ತೇವಲ್ಲ, ಆ ಕ್ರಿಯಾಪದದ ಬೇರು ಹಿಡಿದು ಹೊರಟರೆ ಎಲ್ಲಿಗೆ ಮುಟ್ಟುತ್ತೇವೆ ಗೊತ್ತೇ? ತಮಿಳುನಾಡಿನ ತೇನಿ ಜಿಲ್ಲೆಗೆ, ದ್ರಾಕ್ಷಿ ತೋಟಗಳ ಓಡೈಪಟ್ಟಿ ಸೀಮೆಗೆ!

ಇಲ್ಲಿನ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಬೇರುಬಿಟ್ಟಿರುವ ಕಪ್ಪಿಲಿಯರ್ ಒಕ್ಕಲಿಗರ ಮನೆಮಾತು ಕನ್ನಡ. ಹಿರಿಯರು ತುಂಗಭದ್ರೆಯ ದಡದಿಂದ ಬಂದವರೆಂಬುದು ಐತಿಹ್ಯ. ಕಂಬಂನಲ್ಲಿ ಅವರದೊಂದು ದೇವರ ದನಗಳ ಮಂದೆಯಿದೆ. ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತ 1909ರ ತನ್ನ ಗ್ರಂಥದಲ್ಲಿ ಅದರ ಹೆಸರನ್ನು ‘ದೇವರು ಆವು’ ಎಂದೇ ಬರೆದಿಟ್ಟಿದ್ದಾನೆ. ಮಂದೆಯ ಒಡೆಯ ‘ಪಟ್ಟದ ಆವು’. ಅದು ಸತ್ತರೆ ಮಂದೆಯ ಮುಂದೆ ಕಬ್ಬಿನ ಕಟ್ಟು ಇಟ್ಟು ಎಲ್ಲರೂ ಕಾಯುತ್ತಾರೆ. ಮೊದಲು ಬಾಯಿ ಹಾಕಿದ್ದೇ ಹೊಸ ಒಡೆಯ; ಅದಕ್ಕೆ ಅರಿಸಿನ, ಕುಂಕುಮ, ಹೂಮಾಲೆ, ಮೆರವಣಿಗೆ! ದನ ಎಂಬ ಅರ್ಥದ, ನಮ್ಮ ದಿನದ ಮಾತಿನಿಂದ ಎಂದೋ ಜಾರಿಹೋದ ‘ಆವು’ ಅಲ್ಲಿ ಪಟ್ಟವೇರಿ ಕುಳಿತಿದೆ.

ಈಗ ಮೊದಲು ಹೇಳಿದ ‘ಒಂದುಗೂಡಿಸು’ ಪದವನ್ನು ಬಿಡಿಸಿ ನೋಡಿ: ಒಂದು, ಕೂಡು, ಜೊತೆಗೆ ಪ್ರೇರಣಾರ್ಥದ ‘ಇಸು’ ಪ್ರತ್ಯಯ. ‘ಒಂದು’ ಬರೀ ಎಣಿಕೆಯೇ? ಹಳಗನ್ನಡದಲ್ಲಿ ಅದು ಕ್ರಿಯಾಪದವೂ ಹೌದು, ‘ಒಂದಿ’ ಎಂದರೆ ಸೇರಿ, ಒಂದಾಗಿ. ತಮಿಳಿನ ‘ಒನ್ಱು’ವಿಗೂ ಅದೇ ಎರಡು ಮುಖ: ಸಂಖ್ಯೆಯೂ ಅದೇ, ಒಂದಾಗುವ ಕ್ರಿಯೆಯೂ ಅದೇ! ತಮಿಳಿನ ‘ನ್ಱ’ ಇದ್ದಲ್ಲಿ ಕನ್ನಡದಲ್ಲಿ ‘ಂದ’: ಎನ್ಱು–ಎಂದು, ನಿನ್ಱು–ನಿಂದು, ಕೊನ್ಱು–ಕೊಂದು. ಓಡೈಪಟ್ಟಿ ಸೀಮೆಯ ಕನ್ನಡ ಮನೆಗಳಲ್ಲಿ ಕನ್ನಡ, ತಮಿಳು ಎರಡೂ ಒಂದೇ ನಾಲಿಗೆಯ ಮೇಲೆ ಹರಿದಾಡುತ್ತವೆ.

ಇನ್ನು ‘ಕೂಡು’. ಇಲ್ಲಿ ಮೈ ಜುಮ್ಮೆನ್ನುತ್ತದೆ! ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುವ ಊರು ಶಿವಮೊಗ್ಗ ಬಳಿಯ ಕೂಡಲಿ. ಕೃಷ್ಣೆಗೆ ಮಲಪ್ರಭೆ ಸೇರುವಲ್ಲಿ ಕೂಡಲಸಂಗಮ. ಮದುರೈಗೆ ಸಂಗಂ ಸಾಹಿತ್ಯದ ಹೆಸರು ಕೂಡಲ್. ಕಂಬಂ ಪಕ್ಕದಲ್ಲೇ, ಅದೇ ಕಣಿವೆಯಲ್ಲಿ, ಕೂಡಲೂರು! ಕೂಡಲಿಯಲ್ಲಿ ಹುಟ್ಟಿದ ಹೊಳೆಯ ದಡ ಬಿಟ್ಟು ಬಂದವರೆಂಬ ಐತಿಹ್ಯವುಳ್ಳ ಕನ್ನಡಿಗರು ನೆಲೆ ನಿಂತದ್ದು ಕೂಡಲೂರಿನ ಕಣಿವೆಯಲ್ಲಿ.

1956ರ ನವೆಂಬರ್ 1ರಂದು ಕನ್ನಡನಾಡು ನಕ್ಷೆಯಲ್ಲಿ ಒಂದಾಯಿತು. ನುಡಿಯನ್ನು ಒಂದುಗೂಡಿಸುವ ಕೆಲಸ ಇನ್ನೂ ಬಾಕಿಯಿದೆ. ಈ ಕಣಿವೆಯ ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೆಷ್ಟು ‘ಆವು’ಗಳಿವೆಯೋ! ಹೋಗಿ ಕೇಳೋಣ, ಬರೆದುಕೊಳ್ಳೋಣ, ನಮ್ಮ ನಿಘಂಟುಗಳಲ್ಲಿ ಅವಕ್ಕೆ ಜಾಗ ಕೊಡೋಣ.