ತುಕ್ಕು ತಿಂದ ತಗಡು: ಹಳೆಯ ಫಿಯಟ್ ಕಾರುಗಳ ಮೈದುರಸ್ತಿಯ ವಿಚಾರ

ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳ ಪೈಕಿ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿಯು ೨೦೨೩ರ ಅಕ್ಟೋಬರ್ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತವಾಯಿತು. ಇಪ್ಪತ್ತು ವರ್ಷ ತುಂಬಿದ ಟ್ಯಾಕ್ಸಿಯು ಬಾಡಿಗೆಗೆ ಓಡಕೂಡದೆಂಬುದು ಈ ನಗರದ ನಿಯಮ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ರೈಲಿನಿಂದಿಳಿದು, ಟ್ರಂಕನ್ನು ನೆತ್ತಿಯ ಮೇಲಣ ಕ್ಯಾರಿಯರಿಗೆ ಬಿಗಿಸಿ, ಈ ಮಹಾನಗರವನ್ನು ಮೊದಲು ಕಂಡದ್ದು ಆ ಕಾರಿನ ಕಿಟಕಿಯಿಂದಲೇ. ಈಗ ಉಳಿದಿರುವ ಪದ್ಮಿನಿಗಳೂ, ಅವುಗಳ ಹಿರಿಯಕ್ಕಂದಿರಾದ ಫಿಯಟ್ ೧೧೦೦ಗಳೂ ಅಭಿಮಾನಿಗಳ ಮನೆಯಂಗಳದಲ್ಲಿವೆ. ಅವನ್ನು ಮತ್ತೆ ಮೊದಲಿನಂತೆ ಮಾಡಬೇಕೆಂಬ ಹಂಬಲವೂ ಇತ್ತೀಚೆಗೆ ಬೆಳೆಯುತ್ತಿದೆ. ಇಂತಹ ಪ್ರಯತ್ನಗಳು ಎಂಜಿನಿನಲ್ಲಿ ಸೋಲುವುದು ಅಪರೂಪ, ಸೋಲುವುದೆಲ್ಲ ತಗಡಿನಲ್ಲಿ. ಆದುದರಿಂದ ತುಕ್ಕು ಹಿಡಿದ ಮೈಯನ್ನು ದುರಸ್ತಿ ಮಾಡುವುದೆಂದರೇನು, ಮುಚ್ಚುವುದೆಂದರೇನು ಎಂಬುದನ್ನು ಕೊಂಚ ವಿವರವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕಾರಿನ ರಚನೆಯನ್ನು ತಿಳಿಯಬೇಕು. ಹಿಂದಿನ ಕಾಲದ ಕಾರುಗಳಲ್ಲಿ ದಪ್ಪ ಉಕ್ಕಿನ ಚೌಕಟ್ಟೊಂದು ಭಾರವನ್ನೆಲ್ಲ ಹೊರುತ್ತಿತ್ತು. ಮೈಯು ಅದರ ಮೇಲೆ ಕುಳಿತ ಹೊದಿಕೆ ಮಾತ್ರ. ಇಟಲಿಯ ಫಿಯಟ್ ಸಂಸ್ಥೆಯು ೧೯೫೩ರಲ್ಲಿ ಹೊರತಂದ ೧೧೦೦-೧೦೩ ಎಂಬ ಮಾದರಿಯಲ್ಲಿ ಈ ಚೌಕಟ್ಟನ್ನು ಬಿಟ್ಟುಬಿಟ್ಟರು. ನೆಲ, ಪಕ್ಕೆ, ಮಾಡು ಎಲ್ಲವನ್ನೂ ಒಂದಕ್ಕೊಂದು ಬೆಸೆದು, ಆ ತಗಡಿನ ಪೆಟ್ಟಿಗೆಯೇ ಭಾರ ಹೊರುವಂತೆ ಮಾಡಿದರು. ೧೯೪೪ರಲ್ಲಿ ಸ್ಥಾಪಿತವಾದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಕುರ್ಲಾದ ಕಾರ್ಖಾನೆಯಲ್ಲಿ ತಯಾರಿಸಿದ ೧೧೦೦ಗಳೂ, ೧೯೭೦ರ ದಶಕದಲ್ಲಿ ಪದ್ಮಿನಿಯೆಂದು ಹೆಸರಾದ ಕಾರೂ ಇದೇ ವಂಶದವು. ಬಾಗಿಲುಗಳ ಕೆಳಗೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಹಬ್ಬಿರುವ ಟೊಳ್ಳು ತೊಲೆಗೆ ಇಂಗ್ಲಿಷಿನಲ್ಲಿ ಸಿಲ್ ಎನ್ನುತ್ತಾರೆ. ನಮ್ಮ ಹೊಸ್ತಿಲೆಂಬ ಮಾತು ಅದಕ್ಕೆ ಅಚ್ಚುಕಟ್ಟಾಗಿ ಒಪ್ಪುತ್ತದೆ. ಮನೆಯ ಹೊಸ್ತಿಲು ಸವೆದರೆ ಮನೆ ಬೀಳದು. ಈ ಕಾರಿನ ಹೊಸ್ತಿಲು ಸವೆದರೆ ಕಾರು ನಡುಮುರಿದುಕೊಳ್ಳುತ್ತದೆ. ಇಲ್ಲಿಯ ತುಕ್ಕು ಕೇವಲ ಅಂದದ ಪ್ರಶ್ನೆಯಲ್ಲ, ಒಳಗೆ ಕುಳಿತವರ ಪ್ರಾಣದ ಪ್ರಶ್ನೆ.

ತುಕ್ಕೆಂಬುದು ಕಬ್ಬಿಣ, ನೀರು, ಗಾಳಿಯೊಳಗಿನ ಆಮ್ಲಜನಕ ಇವು ಮೂರೂ ಸೇರಿ ಆಗುವ ವಿಕಾರವೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಇದು ಸರಿಯೇ ಆದರೂ, ಕಾರು ಒಳಗಿನಿಂದಲೇ ಏಕೆ ಕೊಳೆಯುತ್ತದೆಂಬುದಕ್ಕೆ ಇಷ್ಟರಿಂದ ಉತ್ತರ ದೊರೆಯದು. ಕೇಂಬ್ರಿಜ್ಜಿನ ಯು. ಆರ್. ಎವನ್ಸ್ ಎಂಬ ವಿಜ್ಞಾನಿಯು ೧೯೨೦ರ ದಶಕದಲ್ಲಿ ಇದನ್ನು ಒಂದು ಉಪ್ಪುನೀರಿನ ಹನಿಯಿಂದ ತೋರಿಸಿಕೊಟ್ಟನು. ಉಜ್ಜಿ ಬೆಳಗಿದ ಕಬ್ಬಿಣದ ಮೇಲೆ ಅಂತಹ ಹನಿಯೊಂದನ್ನಿಟ್ಟರೆ, ಗಾಳಿಯು ಧಾರಾಳವಾಗಿ ಸಿಕ್ಕುವ ಅಂಚಿನಲ್ಲಿ ಲೋಹವು ಕ್ಷೇಮವಾಗಿರುತ್ತದೆ. ಗಾಳಿ ತಲುಪದ ನಡುಮಧ್ಯದಲ್ಲಿ ಕಬ್ಬಿಣ ಕರಗುತ್ತದೆ. ಇವೆರಡರ ನಡುವೆ ತುಕ್ಕಿನ ಬಳೆಯೊಂದು ಮೂಡುತ್ತದೆ. ಹನಿಯೊಳಗೆ ಒಂದು ಪುಟ್ಟ ವಿದ್ಯುತ್ ಕೋಶವೇ ಏರ್ಪಟ್ಟಂತಾಯಿತು. ಗಾಳಿ ಹೆಚ್ಚಿರುವ ಕಡೆಯಲ್ಲಿ ತುಕ್ಕು ಹೆಚ್ಚೆಂದು ನಾವು ಎಣಿಸುತ್ತೇವೆ. ಲೋಹವು ತಿನ್ನಲ್ಪಡುವುದು ಗಾಳಿ ಕಡಮೆಯಿರುವ ಕಡೆಯಲ್ಲಿ.

ಇದನ್ನು ಕಾರಿಗೆ ಅನ್ವಯಿಸಿ ನೋಡಬಹುದು. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ಚುಕ್ಕೆಚುಕ್ಕೆಯಾಗಿ ಬೆಸೆದಿರುವ ಸಂದು ಕಾರಿನಲ್ಲಿ ನೂರಾರು ಇವೆ. ಸಂದಿಗೆ ಇಳಿದ ನೀರು ಬೇಗ ಆರದು. ಅಲ್ಲಿಗೆ ಗಾಳಿಯೂ ಹೋಗದು. ಅಂದಮೇಲೆ ಎವನ್ಸನ ಹನಿಯ ನಡುಭಾಗದ ಅವಸ್ಥೆಯೇ ಅಲ್ಲಿ ಉಂಟಾಗುತ್ತದೆ. ಬಾಗಿಲ ಗಾಜಿನ ಪಕ್ಕದಿಂದ ಇಳಿಯುವ ಮಳೆನೀರು ಹೊರಗೆ ಹೋಗಲೆಂದು ಬಾಗಿಲ ತಳದಲ್ಲಿ ರಂಧ್ರಗಳಿವೆ. ಧೂಳು, ಕಸ ಕಟ್ಟಿ ಅವು ಮುಚ್ಚಿದರೆ ಬಾಗಿಲೇ ತೊಟ್ಟಿಯಾಗುತ್ತದೆ. ಗಾಲಿ ಎರಚಿದ ಕೆಸರು ಮಡ್‌ಗಾರ್ಡಿನ ಒಳಮೂಲೆಯಲ್ಲಿ ಕೂತು ತಿಂಗಳುಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಗಾಳಿಯ ಸಾಪೇಕ್ಷ ತೇವಾಂಶವು ನೂರಕ್ಕೆ ಸುಮಾರು ೬೦ನ್ನು ಮೀರಿತೆಂದರೆ ಕಬ್ಬಿಣ ಕೆಡುವ ವೇಗ ಹೆಚ್ಚುತ್ತದೆ. ಉಪ್ಪಿದ್ದರೆ ಅದಕ್ಕೂ ಮೊದಲೇ. ಮಳೆಗಾಲದ ಮುಂಬಯಿಯಲ್ಲಿ ತೇವಾಂಶವು ೮೦ಕ್ಕಿಂತ ಮೇಲಿರುವುದೇ ಸಾಮಾನ್ಯ. ಕಡಲಗಾಳಿಯ ಉಪ್ಪಂತೂ ಇದ್ದೇ ಇದೆ. ದೆಹಲಿ, ಹೈದರಾಬಾದುಗಳಲ್ಲಿರುವ ಮಿತ್ರರ ಕಾರುಗಳು ನಮ್ಮವಕ್ಕಿಂತ ಗಟ್ಟಿಯಾಗಿ ಉಳಿದಿದ್ದರೆ ಅದು ಅವರ ಜಾಣತನವಲ್ಲ, ಒಣಹವೆಯ ಕೃಪೆ. ಚೆನ್ನೈಯವರು ನಮ್ಮ ಸಮದುಃಖಿಗಳು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬವು ಹದಿನಾರು ಶತಮಾನ ನಿಂತಿಲ್ಲವೆ? ಅಷ್ಟು ದೂರವೇಕೆ, ಮಳೆ ಜಡಿದು ಹೊಡೆಯುವ ನಮ್ಮ ಕೊಡಚಾದ್ರಿಯ ಮೇಲೆಯೇ ಕಬ್ಬಿಣದ ಕಂಬವಿದೆಯಲ್ಲ? ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೈಮೇಲೆ ಕಾಪಿಡುವ ಪದರವೊಂದು ಬೆಳೆದಿದೆಯೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರು ವಿವರಿಸಿದ್ದಾರೆ. ಕಾರಿನ ತಗಡಾದರೋ ಅಚ್ಚಿನಲ್ಲಿ ಒತ್ತಿದಾಗ ಸೀಳದಂತೆ ಮೆದುವಾಗಿರಬೇಕು. ರಂಜಕವು ಉಕ್ಕನ್ನು ಪೆಡಸು ಮಾಡುವುದರಿಂದ ಅದನ್ನು ಆದಷ್ಟು ತೆಗೆದಿರುತ್ತಾರೆ. ಅಲ್ಲದೆ, ಕಂಬವು ಒಂದು ಮಿಲಿಮೀಟರಿನಷ್ಟು ಕಳೆದುಕೊಂಡರೆ ಯಾರಿಗೂ ತಿಳಿಯದು. ಕಾರಿನ ಹೊರತಗಡಿನ ಒಟ್ಟು ದಪ್ಪವೇ ಸುಮಾರು ಒಂದು ಮಿಲಿಮೀಟರು.

ನಮ್ಮ ನುಡಿಯು ಕಬ್ಬಿಣದ ತುಕ್ಕನ್ನೂ ತಾಮ್ರದ ಕಿಲುಬನ್ನೂ ಬೇರೆಬೇರೆ ಹೆಸರಿನಿಂದ ಕರೆಯುವುದು ಈ ಸಂದರ್ಭದಲ್ಲಿ ನೆನಪಾಗುತ್ತದೆ. ತಾಮ್ರದ ಹಸುರು ಪದರ ಮೈಗಂಟಿ ಕುಳಿತು ಒಳಲೋಹವನ್ನು ಒಂದು ಮಟ್ಟಿಗೆ ಕಾಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿದು, ಹಕ್ಕಳೆಯಾಗಿ ಎದ್ದು, ಕೆಳಗಿನ ಹೊಸ ಲೋಹವನ್ನು ನೀರಿಗೆ ಒಡ್ಡುತ್ತದೆ. ಬಣ್ಣದ ಕೆಳಗೆ ಗುಳ್ಳೆಯೇಳುವುದು ಈ ಉಬ್ಬುವಿಕೆಯಿಂದಲೇ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಗಲ ಕೊಳೆತಿರುವುದುಂಟು.

೧೯೯೪ರಲ್ಲಿ ನಾನು ಕೊಂಡ ೧೯೬೭ರ ಫಿಯಟ್ ಈ ಪಾಠವನ್ನು ನನಗೆ ಕಲಿಸಿತು. ಬಣ್ಣ ಕನ್ನಡಿಯಂತಿತ್ತು. ಮರುವರ್ಷದ ಮಳೆಗಾಲದಲ್ಲಿ ಗಾಲಿ ಬದಲಿಸಲು ಜಾಕ್ ಹಚ್ಚಿದರೆ, ಕಾರು ಏಳುವುದಕ್ಕೆ ಬದಲಾಗಿ ಜಾಕೇ ಹೊಸ್ತಿಲೊಳಗೆ ಹೋಯಿತು. ಬಿಚ್ಚಿ ನೋಡಲಾಗಿ, ಹೊಸ್ತಿಲ ತುಂಬ ಹಳೆಯ ವೃತ್ತಪತ್ರಿಕೆಗಳನ್ನು ತುರುಕಿ, ಮೇಲೆ ಪುಟ್ಟಿ ಬಳಿದು, ಬಣ್ಣ ಹೊಡೆದಿದ್ದರು! ಆ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಖಂಡಾಲಾ ಘಟ್ಟವನ್ನು ಎರಡು ಬಾರಿ ಹತ್ತಿಳಿದಿದ್ದೆನೆಂಬುದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಕೊಳ್ಳುವಾಗ ಬಟ್ಟೆ ಸುತ್ತಿದ ಅಯಸ್ಕಾಂತವೊಂದು ಜೇಬಿನಲ್ಲಿದ್ದಿದ್ದರೆ ಸಾಕಾಗಿತ್ತು. ತಗಡಿಗೆ ಅದು ಅಂಟುತ್ತದೆ. ದಪ್ಪ ಪುಟ್ಟಿಗೆ ಅಂಟದೆ ಜಾರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆ: ಒಳ್ಳೆಯ ತಗಡು ಕಂಚಿನಂತೆ ನುಡಿಯುತ್ತದೆ, ಪುಟ್ಟಿ ಮಣ್ಣಿನಂತೆ.

ಪುಟ್ಟಿಯೇ ಪಾಪವೆಂದು ನಾನು ಹೇಳುವವನಲ್ಲ. ಗಟ್ಟಿ ತಗಡಿನ ಮೇಲಿನ ಸಣ್ಣ ತಗ್ಗುಗಳನ್ನು ಮಟ್ಟ ಮಾಡಲು, ಎರಡು ಮೂರು ಮಿಲಿಮೀಟರಿಗೆ ಮೀರದಂತೆ, ಅದನ್ನು ಬಳಸಬಹುದು. ತೂತಿನ ಮೇಲೆ ಸೇತುವೆಯಾಗಿ ಬಳಸುವುದು ಅಪರಾಧ. ಪುಟ್ಟಿಯು ತೇವವನ್ನು ಹೀರಿಕೊಳ್ಳುವ ವಸ್ತು. ಒಳಗಡೆಯಿಂದ ನೀರು ತಗುಲಿದರೆ ತಗಡಿಗೂ ತನಗೂ ನಡುವೆ ಅದನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ಸಾಕುತ್ತದೆ. ತುಕ್ಕನ್ನು ಮಾರ್ಪಡಿಸುವ ರಂಜಕಾಮ್ಲದ ದ್ರಾವಣಗಳ ವಿಷಯವೂ ಹೀಗೆಯೇ. ಮೇಲ್ಮೈಯ ತುಕ್ಕಿಗೆ ಅವು ಗುಣಕಾರಿ. ಸಂದಿಯ ಒಳಗಿನದಕ್ಕೂ, ಇಲ್ಲದ ಲೋಹಕ್ಕೂ ಏನನ್ನೂ ಮಾಡಲಾರವು.

ಇನ್ನು ನಿಜವಾದ ದುರಸ್ತಿ. ನಮ್ಮ ನಾಡಿನಲ್ಲಿ ಈ ಕಸಬನ್ನು ಟಿಂಕರಿಂಗ್ ಎನ್ನುವರು, ಇಲ್ಲಿ ಡೆಂಟಿಂಗ್. ಹೆಸರೇನಿದ್ದರೂ ಮೊದಲ ಕೆಲಸ ಒಂದೇ: ಬ್ಯಾಟರಿಯನ್ನು ಕಳಚಿ, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡುವುದು. ಆಮೇಲೆ ಬಣ್ಣ, ಪುಟ್ಟಿ, ಡಾಂಬರುಗಳನ್ನೆಲ್ಲ ಕೆರೆದು ಬರಿಯ ಲೋಹವನ್ನು ಕಾಣಬೇಕು. ಮೊನಚಾದ ದಬ್ಬಳದಿಂದ ಒತ್ತಿ ನೋಡುತ್ತ, ಎಲ್ಲಿ ಅದು ಇಳಿಯದೋ ಅಲ್ಲಿಂದಲೂ ಒಂದೆರಡು ಅಂಗುಲ ಆಚೆಗೆ ಕತ್ತರಿಸಬೇಕು. ಖರ್ಚಿಗೆ ಅಂಜಿ ತೆಳುವಾದ ಅಂಚನ್ನು ಉಳಿಸಿಕೊಂಡರೆ, ಬೆಸುಗೆಯ ಬೆಂಕಿ ತಗುಲಿದೊಡನೆ ಅದು ಉರಿದು ತೂತಾಗುತ್ತದೆ.

ಹೊಸ್ತಿಲನ್ನು ಕತ್ತರಿಸುವ ಮುನ್ನ ಇನ್ನೂ ಒಂದು ಎಚ್ಚರಿಕೆ ಬೇಕು. ಈ ಕಾರಿನ ಬೆನ್ನೆಲುಬೇ ಅದಾದುದರಿಂದ, ನೆಲದ ಕೆಳಗೆ ಅಲ್ಲಲ್ಲಿ ಊರೆ ಕೊಟ್ಟು, ಬಾಗಿಲ ತೆರಪಿನಲ್ಲಿ ಕಬ್ಬಿಣದ ಪಟ್ಟಿಗಳನ್ನು ಅಡ್ಡ ಬಿಗಿದು, ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ಎರಡು ಬದಿಯನ್ನೂ ಒಟ್ಟಿಗೆ ಕತ್ತರಿಸಕೂಡದು. ಹೊಸ ತುಂಡನ್ನು ಜೋಡಿಸುವಾಗ ಬಾಗಿಲನ್ನು ನೇತುಹಾಕಿ, ಸುತ್ತಲಿನ ಸಂದು ಸಮವಾಗಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ಇದನ್ನು ಬಿಟ್ಟವರ ಕಾರುಗಳಲ್ಲಿ ಬಾಗಿಲು ಮುಚ್ಚಲು ಭುಜದ ಬಲವೇ ಬೇಕಾಗುತ್ತದೆ.

ಹೊಸ ತುಂಡು ಹಳೆಯದರಷ್ಟೇ ದಪ್ಪದ ಮೆದು ಉಕ್ಕಿನದಾಗಿರಬೇಕು: ಹೊರಮೈಗೆ ಸುಮಾರು ೦.೯ ಮಿಲಿಮೀಟರು, ಹೊಸ್ತಿಲಿನಂತಹ ಭಾರ ಹೊರುವ ಕಡೆಗೆ ೧.೨. ರಟ್ಟಿನಲ್ಲಿ ಪಡಿಯಚ್ಚು ಕತ್ತರಿಸಿ, ಅದರಂತೆ ತಗಡನ್ನು ಕೊಯ್ದು, ಮರಳಿನ ಚೀಲದ ಮೇಲೆ ಕೊಡತಿಯಿಂದ ಬಡಿದು ಬಾಗು ತರಬೇಕು. ನುರಿತ ಕಸಬುದಾರನು ಕಣ್ಣಿಗಿಂತ ಅಂಗೈಯನ್ನು ನಂಬುತ್ತಾನೆ. ಬಟ್ಟೆಯೊಂದನ್ನು ಕೈಕೆಳಗಿಟ್ಟು ಸವರಿ, ಕೂದಲೆಳೆಯಷ್ಟು ಏರುತಗ್ಗನ್ನು ಹೇಳಬಲ್ಲನು.

ತುಂಡನ್ನು ಹಳೆಯದರ ಮೇಲೆ ಹೊದಿಸಿ ಬೆಸೆಯುವುದು ಸುಲಭ. ಬಹು ಮಂದಿ ಮಾಡುವುದೂ ಅದನ್ನೇ. ಆದರೆ ಹಾಗೆ ಮಾಡಿದಾಗ, ತುಕ್ಕನ್ನು ತೆಗೆಯುವ ನೆಪದಲ್ಲಿ ನಾವು ಎವನ್ಸನ ಗಾಳಿಯಿಲ್ಲದ ಸಂದೊಂದನ್ನು ಹೊಸದಾಗಿ ನಿರ್ಮಿಸಿದಂತೆಯೇ. ಕಾರ್ಖಾನೆಯು ಹೊದಿಸಿ ಬೆಸೆದಿರುವ ಕಡೆ ಹಾಗೆಯೇ ಮಾಡಬೇಕಾಗಬಹುದು. ಆಗ ಎರಡು ಮೈಗೂ ಬೆಸುಗೆಯನ್ನು ತಾಳುವ ಸತುವಿನ ಬಣ್ಣವನ್ನು ಮೊದಲೇ ಬಳಿಯಬೇಕು. ಉಳಿದೆಡೆಯಲ್ಲೆಲ್ಲ ಅಂಚಿಗೆ ಅಂಚನ್ನು ತಾಗಿಸಿ ಬೆಸೆಯುವುದೇ ಸರಿ.

ಇಲ್ಲಿಯೇ ತಾಳ್ಮೆಯ ಪರೀಕ್ಷೆ. ಕಾಯಿಸಿದ ಲೋಹ ಹಿಗ್ಗಲೆಳಸುತ್ತದೆ. ಸುತ್ತಲಿನ ತಣ್ಣನೆಯ ಲೋಹ ಅದಕ್ಕೆ ಎಡೆಗೊಡದು. ಆದುದರಿಂದ ಅದು ಅಲ್ಲಿಯೇ ದಪ್ಪವಾಗಿ, ಆರುವಾಗ ಮೊದಲಿಗಿಂತ ಕುಗ್ಗಿ, ಅಕ್ಕಪಕ್ಕವನ್ನು ಸೆಳೆಯುತ್ತದೆ. ಒಂದೇ ಉಸಿರಿಗೆ ಉದ್ದಕ್ಕೂ ಬೆಸೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದಕ್ಕಾಗಿ ಅಂಗುಲಕ್ಕೊಂದರಂತೆ ಚುಕ್ಕೆ ಹಾಕುತ್ತ, ಒಮ್ಮೆ ಈ ತುದಿಯಲ್ಲಿ, ಒಮ್ಮೆ ಆ ತುದಿಯಲ್ಲಿ ಬೆಸೆಯುತ್ತ, ನಡುನಡುವೆ ಆರಗೊಡುತ್ತ ಚುಕ್ಕೆಗಳನ್ನು ಕೂಡಿಸಬೇಕು. ಆಮೇಲೆ ಹಿಂಬದಿಗೆ ಡಾಲಿಯೆಂಬ ಉಕ್ಕಿನ ಗಟ್ಟಿಯನ್ನು ಒತ್ತಿಹಿಡಿದು, ಮೇಲಿಂದ ಹಗುರವಾಗಿ ಸುತ್ತಿಗೆಯಾಡಿಸಿದರೆ, ಕುಗ್ಗಿದ ಬೆಸುಗೆ ಹಿಗ್ಗಿ ಮಟ್ಟಕ್ಕೆ ಬರುತ್ತದೆ. ಬಡಿತ ಹೆಚ್ಚಿ ತಗಡು ಸಡಿಲಾದರೆ, ನಾಣ್ಯದಗಲ ಜಾಗವನ್ನು ಮಂದಕೆಂಪಾಗುವವರೆಗೆ ಕಾಯಿಸಿ, ಒದ್ದೆ ಬಟ್ಟೆಯಿಂದ ತಣಿಸಿ ಮತ್ತೆ ಕುಗ್ಗಿಸುವ ಉಪಾಯವೂ ಉಂಟು.

ಅಳಿದುಳಿದ ತಗ್ಗಿಗೆ ಹಿಂದಿನವರು ತುಂಬುತ್ತಿದ್ದುದು ಸೀಸ. ಈ ವಿದ್ಯೆ ನಮ್ಮ ಕಲಾಯಿಯವನ ವಿದ್ಯೆಯ ದಾಯಾದಿ. ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ತವರವನ್ನು ಸವರುವಂತೆಯೇ ಇಲ್ಲಿಯೂ ಮೊದಲು ತಗಡಿಗೆ ತವರದ ಲೇಪ ಕೊಡಬೇಕು. ಆಮೇಲೆ ೭೦ ಪಾಲು ಸೀಸ, ೩೦ ಪಾಲು ತವರದ ಕಡ್ಡಿಯನ್ನು ಕಾಯಿಸುತ್ತಾರೆ. ೧೮೩ ಡಿಗ್ರಿ ಸೆಲ್ಸಿಯಸ್ಸಿನಿಂದ ಸುಮಾರು ೨೫೫ರವರೆಗೆ ಅದು ನೀರೂ ಅಲ್ಲದೆ ಗಟ್ಟಿಯೂ ಅಲ್ಲದೆ ಬೆಣ್ಣೆಯಂತಿರುತ್ತದೆ. ಆಗ ಮೇಣ ಸವರಿದ ಮರದ ಸಟ್ಟುಗದಿಂದ ತೀಡಬೇಕು. ಅದನ್ನು ಅರದಿಂದ ಉಜ್ಜಬೇಕೇ ಹೊರತು ಒಣಗಾಗದದಿಂದಲ್ಲ, ಏಕೆಂದರೆ ಸೀಸದ ಧೂಳು ವಿಷ.

ಎಷ್ಟನ್ನು ಬದಲಿಸಬೇಕು, ಎಷ್ಟನ್ನು ಉಳಿಸಬೇಕು ಎಂಬುದು ಈ ಕೆಲಸದ ಕಠಿಣವಾದ ಪ್ರಶ್ನೆ. ತ್ರುಟಿತವಾದ ಓಲೆಗರಿಯನ್ನು ಸಂಪಾದಿಸುವ ವಿದ್ವಾಂಸನಿಗೂ ಇದೇ ತೊಡಕು. ಹುಳು ತಿಂದ ಎರಡಕ್ಷರಕ್ಕಾಗಿ ಇಡೀ ಪದ್ಯವನ್ನು ಹೊಸದಾಗಿ ಬರೆಯುವವನನ್ನು ನಾವು ಸಂಪಾದಕನೆನ್ನೆವು. ತಾನು ತುಂಬಿದ್ದನ್ನು ಕಂಸದೊಳಗಿಟ್ಟು ತೋರಿಸದವನನ್ನೂ ಒಪ್ಪೆವು. ನನ್ನ ಅಭಿಪ್ರಾಯದಲ್ಲಿ ಅಂಗೈಯಗಲದ ತೂತಿಗಾಗಿ ಇಡೀ ಮಡ್‌ಗಾರ್ಡನ್ನು ಎಸೆಯುವುದು ಸೋಮಾರಿತನ. ಹೊಸ್ತಿಲ ಮಟ್ಟಿಗೆ ಮಾತ್ರ ಹಳೆಯದರ ಮೇಲಿನ ಮೋಹ ಸಲ್ಲದು. ಎಲ್ಲಿ ಏನನ್ನು ಬದಲಿಸಲಾಯಿತೆಂಬುದನ್ನು ಛಾಯಾಚಿತ್ರಸಹಿತ ಬರೆದಿಟ್ಟು, ಮುಂದೆ ಕೊಳ್ಳುವವನಿಗೆ ಕೊಡಬೇಕು. ಇದೇ ನಮ್ಮ ಕಂಸ.

ಬಣ್ಣದೊಂದಿಗೆ ಕೆಲಸ ಮುಗಿಯಿತೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಬೆಸುಗೆಯ ಹಿಂಬದಿಯ ಬಣ್ಣವೆಲ್ಲ ಸುಟ್ಟುಹೋಗಿರುತ್ತದೆ. ಅಲ್ಲಿಗೆ ಕುಂಚ ತಲುಪದು. ಹೊಸ್ತಿಲಿನ ಟೊಳ್ಳಿನೊಳಕ್ಕೆ ಉದ್ದನೆಯ ನಳಿಗೆಯಿಂದ ತೆಳುಮೇಣವನ್ನು ಸಿಂಪಡಿಸಬೇಕು. ಕುರಿಯುಣ್ಣೆಯ ಜಿಡ್ಡಿನಿಂದ ಮಾಡಿದ ಲೇಪವೂ ಒಳ್ಳೆಯದೇ. ಅದು ಸಂದುಗಳಿಗೆ ತಾನಾಗಿ ಹರಿದು ನೀರಿಗೆ ಮೊದಲೇ ಅಲ್ಲಿ ನೆಲೆಸುತ್ತದೆ. ಎರಡು ಮೂರು ವರ್ಷಗಳಿಗೊಮ್ಮೆ ಇದನ್ನು ಮತ್ತೆ ಮಾಡಬೇಕು. ಮೇಣವು ನೀರಿಳಿಯುವ ರಂಧ್ರಗಳನ್ನೇ ಮುಚ್ಚದಂತೆ ಕೊನೆಯಲ್ಲಿ ತಂತಿಯಾಡಿಸಬೇಕು.

ನನ್ನ ಫಿಯಟ್ಟಿನ ಎರಡು ಹೊಸ್ತಿಲುಗಳಿಗೆ ನಾಲ್ಕು ತಿಂಗಳು ಹಿಡಿಯಿತು. ಕತ್ತರಿಸಿ ತೆಗೆದ ಹಳೆಯ ತಗಡಿನ ಒಂದು ಗೇಣುದ್ದದ ತುಂಡು ನನ್ನ ಮೇಜಿನ ಮೇಲಿದೆ. ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣುತ್ತದೆ. ಅದರ ಹೊರಮೈಯ ಬಣ್ಣ ಇನ್ನೂ ಹೊಳೆಯುತ್ತಿದೆ. ಪ್ರತಿ ವರ್ಷ ಜೂನಿನ ಮೊದಲ ದೊಡ್ಡ ಮಳೆಯ ಮರುದಿನ ನಾನು ನೆಲಕ್ಕೆ ಬಗ್ಗಿ, ನಾಲ್ಕು ಬಾಗಿಲುಗಳ ತಳದಿಂದಲೂ ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡುತ್ತೇನೆ. ತೊಟ್ಟಿಕ್ಕದ ಬಾಗಿಲಿಗೆ ಅಂದೇ ತಂತಿಯಾಡಿಸುತ್ತೇನೆ.