ಗಾಜಿನ ಮನೆ: ಸಾಲಿನಲ್ಲಿ ಕೇಳಿದ ನಾಲ್ಕು ಮಾತು

ಸ್ವಾತಂತ್ರ್ಯ ದಿನದ ಹೊತ್ತಿಗೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನದ ಸಾಲು ಹನುಮಂತನ ಬಾಲದಂತೆ ಬೆಳೆಯುತ್ತದೆ. ಅದರಲ್ಲಿ ನಿಂತವರಿಗೆ ಗಾಜಿನ ಮನೆಯ ಬಗ್ಗೆ ಈ ನಾಲ್ಕು ಮಾತುಗಳಲ್ಲಿ ಒಂದಾದರೂ ಕಿವಿಗೆ ಬಿದ್ದಿರುತ್ತದೆ.

ತಪ್ಪು ಕಲ್ಪನೆ 1: ಇದನ್ನು ಕಟ್ಟಿಸಿದ್ದು ಹೈದರಾಲಿ, ಇಲ್ಲವೇ ಟಿಪ್ಪು.
ವಾಸ್ತವ: ತೋಟ ಅವರದು, ಮನೆ ಅವರದಲ್ಲ. ಹೈದರಾಲಿ ತೋಟ ಹಾಕಿಸಿದ್ದು 1760ರಲ್ಲಿ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು. ಅಷ್ಟರಲ್ಲಿ ಟಿಪ್ಪು ಮಡಿದು 90 ವರ್ಷ ಕಳೆದಿತ್ತು. ಆಗ ಮೈಸೂರಿನ ಅರಸರು ಹತ್ತನೆಯ ಚಾಮರಾಜ ಒಡೆಯರು. ತೋಟದ ಮೇಲ್ವಿಚಾರಕ ಜಾನ್ ಕ್ಯಾಮರಾನ್.

ತಪ್ಪು ಕಲ್ಪನೆ 2: ಅಡಿಗಲ್ಲು ಇಟ್ಟವನು ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್.
ವಾಸ್ತವ: ಆತ 1861ರಲ್ಲೇ ತೀರಿಕೊಂಡಿದ್ದ. ಬಂದವನು ಮೊಮ್ಮಗ, ಆಲ್ಬರ್ಟ್ ವಿಕ್ಟರ್. ಈ ಮನೆಗೆ ಮಾದರಿಯಾದ ಕ್ರಿಸ್ಟಲ್ ಪ್ಯಾಲೇಸ್ ಎದ್ದದ್ದು ಲಂಡನ್ನಿನ 1851ರ ಮಹಾ ಪ್ರದರ್ಶನಕ್ಕೆ; ಅದಕ್ಕೆ ಒತ್ತಾಸೆಯಾಗಿ ನಿಂತವನು ತಾತ. ತಾತ, ಮೊಮ್ಮಗ ಕಲಸಿಹೋದದ್ದು ಹೀಗೆ.

ತಪ್ಪು ಕಲ್ಪನೆ 3: ಗಿಡಗಳನ್ನು ಬೆಚ್ಚಗಿಡಲು ಗಾಜು ಹಾಕಿದ್ದಾರೆ.
ವಾಸ್ತವ: ಅದು ಚಳಿ ದೇಶದವರ ಪಾಡು. ಬೆಂಗಳೂರಿನ ಹವೆಗೆ ಅಂಥ ಆರೈಕೆ ಬೇಕಿಲ್ಲ. ಇಲ್ಲಿ ಈ ಮನೆ ನಿಂತಿರುವುದು ಹೂವು, ಹಣ್ಣು, ಗಿಡಗಳನ್ನು ಜನರ ಕಣ್ಣಿಗೆ ಒಡ್ಡಲು.

ತಪ್ಪು ಕಲ್ಪನೆ 4: ಇದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ತದ್ರೂಪು, ಕಂಬ, ಕಮಾನು ಎಲ್ಲವೂ ಸೀಮೆಯಿಂದ ಬಂದದ್ದು.
ವಾಸ್ತವ: ಮಾದರಿ ಅಲ್ಲಿಯದೇ, ನಿಜ. ಆದರೆ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ರೂಪಿಸಿದ ಆ ಅರಮನೆಯ ಉದ್ದವೇ 1,800 ಅಡಿ ಮೀರಿತ್ತು. ನಮ್ಮದು ಅದರ ಒಂದು ಮೂಲೆಗೂ ಸಾಲದು. ಮೊದಲ ಎರಕದ ಕಬ್ಬಿಣ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯದು. ಆದರೆ 1935ರಲ್ಲಿ, ಎಚ್. ಸಿ. ಜವರಾಯರು ತೋಟ ನೋಡಿಕೊಳ್ಳುತ್ತಿದ್ದಾಗ, ಪೂರ್ವದ ಭಾಗವನ್ನು ವಿಸ್ತರಿಸಿದರು. ಅದಕ್ಕೆ ಬಂದದ್ದು ನಮ್ಮ ಭದ್ರಾವತಿಯ ಕಬ್ಬಿಣ.

ಮರುವರ್ಷ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಗೆ ಆಹುತಿಯಾಯಿತು. ಅಂದೂ ನವೆಂಬರ್ 30. ಲಾಲ್‌ಬಾಗಿನ ಅಡಿಗಲ್ಲಿಗೆ ಸರಿಯಾಗಿ 47 ವರ್ಷ ತುಂಬಿದ ದಿನ. ಯಾವುದನ್ನು ನೋಡಿ ಕಟ್ಟಿದರೋ ಅದು ಬೂದಿಯಾಯಿತು. ಭದ್ರಾವತಿಯ ಬಲ ಕೂಡಿಸಿಕೊಂಡ ಗಾಜಿನ ಮನೆಯ ಮುಂದೆ ಸಾಲು ಇನ್ನೂ ಬೆಳೆಯುತ್ತಲೇ ಇದೆ.