ಸವೆಯಲೆಂದೇ ಇರುವ ಗೇರ್

ರೇಸ್ ಕಾರಿನ ಎಂಜಿನ್ ಎಂದರೆ ಪಿಸ್ಟನ್, ವಾಲ್ವ್, ಕಾರ್ಬ್ಯುರೇಟರ್‌ಗಳ ಮಾತೇ ಹೆಚ್ಚು. ಆದರೆ ಲಕ್ಷಾಂತರ ರೂಪಾಯಿ ಬೆಲೆಯ ಎಂಜಿನ್ನನ್ನು ಹಾಳುಗೆಡವಬಲ್ಲ ಒಂದು ಸಣ್ಣ ಭಾಗ ಯಾರ ಕಣ್ಣಿಗೂ ಬೀಳದ ಜಾಗದಲ್ಲಿರುತ್ತದೆ. ಅದು ಡಿಸ್ಟ್ರಿಬ್ಯೂಟರ್‌ನ ಕೆಳತುದಿಯ ಗೇರ್. ಮುಷ್ಟಿಯೊಳಗೆ ಹಿಡಿಯಬಹುದಾದ ಈ ಹಲ್ಲುಚಕ್ರ ಯಾವ ಲೋಹದ್ದಾಗಿರಬೇಕು ಎಂಬುದು ಅಮೆರಿಕದ ವಿ-8 ರೇಸ್ ಎಂಜಿನ್ ಕಟ್ಟುವವರಿಗೆ ದಶಕಗಳಿಂದಲೂ ಮುಖ್ಯ ಪ್ರಶ್ನೆಯಾಗಿದೆ. ಗಟ್ಟಿಯಾದುದೇ ಒಳ್ಳೆಯದು ಎಂಬ ಸಾಮಾನ್ಯ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಓಡಿಸಿದವರಿಗೆ ಡಿಸ್ಟ್ರಿಬ್ಯೂಟರ್ ಹೊಸದಲ್ಲ. ಮಳೆಗಾಲದಲ್ಲಿ ಅದರ ಕ್ಯಾಪ್ ಒಳಗಿನ ತೇವ ಒರೆಸುವುದು, ಆಗಾಗ ಪಾಯಿಂಟ್ ಉಜ್ಜಿ ಅಂತರ ಸರಿಪಡಿಸುವುದು ಅವರಿಗೆ ಮಾಮೂಲಿ ಕೆಲಸವಾಗಿತ್ತು. ಬ್ಯಾಟರಿ, ಕಾಯಿಲ್, ಪಾಯಿಂಟ್‌ಗಳಿಂದ ಕಿಡಿ ಹುಟ್ಟಿಸುವ ಈ ಪದ್ಧತಿಯನ್ನು 1910ರ ಸುಮಾರಿಗೆ ಕಾರುಗಳಲ್ಲಿ ನೆಲೆಗೊಳಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಹುಟ್ಟಿದ ಕಿಡಿಯನ್ನು ಸರದಿಯಂತೆ ಒಂದೊಂದು ಪ್ಲಗ್‌ಗೆ ಹಂಚುವುದು ಡಿಸ್ಟ್ರಿಬ್ಯೂಟರ್‌ನ ಕೆಲಸ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮೇಲಿನ ಗೇರ್ ಅದನ್ನು ತಿರುಗಿಸುತ್ತದೆ.

ಕ್ಯಾಮ್‌ಶಾಫ್ಟ್ ಸುತ್ತುವುದು ಎಂಜಿನ್ನಿನ ಅರ್ಧ ವೇಗದಲ್ಲಿ. ರೇಸಿನಲ್ಲಿ ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದ್ದರೆ ಡಿಸ್ಟ್ರಿಬ್ಯೂಟರ್ 4,000 ಸುತ್ತು ಹಾಕುತ್ತದೆ. ಪ್ರತಿ ಸುತ್ತಿಗೆ ಎಂಟು ಕಿಡಿಯಂತೆ ನಿಮಿಷಕ್ಕೆ 32,000 ಕಿಡಿಗಳಾಯಿತು. ಗೇರ್ ಹಲ್ಲು ಸವೆದು ಡಿಸ್ಟ್ರಿಬ್ಯೂಟರ್ ಒಂದು ಡಿಗ್ರಿ ಹಿಂದೆ ಬಿದ್ದರೆ, ಎಂಜಿನ್ನಿನ ಲೆಕ್ಕದಲ್ಲಿ ಕಿಡಿ ಎರಡು ಡಿಗ್ರಿ ತಡವಾಗುತ್ತದೆ. ಶಕ್ತಿ ಕುಂದುತ್ತದೆ.

ಅಷ್ಟೇ ಆಗಿದ್ದರೆ ಒಂದು ರೇಸ್ ಸೋತು ಸುಮ್ಮನಾಗಬಹುದಿತ್ತು. 1955ರಲ್ಲಿ ಬಂದು ಮುಂದೆ ಅಮೆರಿಕದ ರೇಸ್ ಟ್ರ್ಯಾಕ್‌ಗಳನ್ನು ಆಳಿದ ಶೆವ್ರೊಲೆ ಸಣ್ಣ ಬ್ಲಾಕ್ ವಿ-8 ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್‌ನ ಕೆಳತುದಿಯೇ ಆಯಿಲ್ ಪಂಪನ್ನೂ ತಿರುಗಿಸುತ್ತದೆ. ಅಂದರೆ ಗೇರ್‌ನ ಹಲ್ಲುಗಳ ಮೇಲೆ ಬೀಳುವ ಭಾರದಲ್ಲಿ ಹೆಚ್ಚಿನದು ಪಂಪಿನದು. ಹೆಚ್ಚು ಆಯಿಲ್ ತಳ್ಳುವ ದೊಡ್ಡ ಪಂಪ್ ಹಾಕಿದರೆ, ತಣ್ಣಗಿರುವ ದಪ್ಪ ಆಯಿಲ್‌ನಲ್ಲೇ ಎಂಜಿನ್ ರೇಸ್ ಮಾಡಿದರೆ, ಆ ಭಾರ ಮತ್ತೂ ಏರುತ್ತದೆ. ಗೇರ್ ಪೂರ್ತಿ ಕೈಕೊಟ್ಟರೆ ಕಿಡಿಯೂ ನಿಲ್ಲುತ್ತದೆ, ಬೇರಿಂಗ್‌ಗಳಿಗೆ ಆಯಿಲ್ ಹೋಗುವುದೂ ನಿಲ್ಲುತ್ತದೆ.

ಈ ಗೇರ್ ಸವೆಯುವುದೇಕೆ? ಸಾಮಾನ್ಯ ಗೇರ್‌ಬಾಕ್ಸ್‌ನಲ್ಲಿ ಶಾಫ್ಟ್‌ಗಳು ಪರಸ್ಪರ ಸಮಾನಾಂತರವಾಗಿರುತ್ತವೆ. ಹಲ್ಲುಗಳು ಉದ್ದನೆಯ ಗೆರೆಯಲ್ಲಿ ಕೂಡುತ್ತವೆ. ಇಲ್ಲಿ ಕ್ಯಾಮ್‌ಶಾಫ್ಟ್ ಅಡ್ಡ, ಡಿಸ್ಟ್ರಿಬ್ಯೂಟರ್ ನೆಟ್ಟಗೆ. ಓರೆ ಹಲ್ಲುಗಳು ಬಿಂದುವಿನಷ್ಟೇ ಜಾಗದಲ್ಲಿ ತಾಗಿ, ಒಂದರ ಮೇಲೊಂದು ಜಾರುತ್ತ ಉಜ್ಜುತ್ತವೆ. ಮೇಲಾಗಿ ಎರಡು ಗೇರ್‌ಗಳಿಗೂ ಹಲ್ಲುಗಳ ಸಂಖ್ಯೆ ಸಮ. ಹೀಗಾಗಿ ಪ್ರತಿ ಸುತ್ತಿನಲ್ಲೂ ಅದೇ ಹಲ್ಲಿಗೆ ಅದೇ ಹಲ್ಲು ಎದುರಾಗುತ್ತದೆ. ಒಂದರ ಮೇಲೆ ಬಿದ್ದ ಗೀರು ತನ್ನ ಜೊತೆಯ ಹಲ್ಲನ್ನೇ ಮತ್ತೆ ಮತ್ತೆ ಕೆರೆಯುತ್ತದೆ.

ಆದ್ದರಿಂದ ಲೋಹಗಳ ಜೋಡಿ ಹೊಂದಬೇಕು. ಹಳೆಯ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ ಬೀಡುಕಬ್ಬಿಣದ್ದು, ಡಿಸ್ಟ್ರಿಬ್ಯೂಟರ್ ಗೇರ್ ಸಹ ಬೀಡುಕಬ್ಬಿಣದ್ದು. ಬೀಡಿನೊಳಗೆ ಗ್ರಾಫೈಟ್ ಕಣಗಳಿರುವುದರಿಂದ ಅದು ತನ್ನಷ್ಟಕ್ಕೆ ತಾನೇ ಸ್ವಲ್ಪ ಜಾರುಗುಣ ಪಡೆದಿರುತ್ತದೆ. ಈ ಜೋಡಿ ಲಕ್ಷಾಂತರ ಕಾರುಗಳಲ್ಲಿ ತಂಟೆಯಿಲ್ಲದೆ ನಡೆಯಿತು.

ತಂಟೆ ಶುರುವಾದದ್ದು ರೋಲರ್ ಟ್ಯಾಪೆಟ್‌ಗಳಿಂದ. ವಾಲ್ವ್‌ಗಳನ್ನು ಬೇಗ, ಹೆಚ್ಚು ಎತ್ತರಕ್ಕೆ ತೆರೆಯಲು ರೇಸಿನವರು ಇವನ್ನು ಬಳಸುತ್ತಾರೆ. ಬಲವಾದ ಸ್ಪ್ರಿಂಗ್‌ಗಳ ಒತ್ತಡವೆಲ್ಲ ರೋಲರ್ ತಾಗುವ ಕಿರಿದಾದ ಗೆರೆಯ ಮೇಲೆ ಬೀಳುವುದರಿಂದ, ಇಂಥ ರೇಸ್ ಕ್ಯಾಮ್‌ಶಾಫ್ಟನ್ನು ಗಟ್ಟಿ ಉಕ್ಕಿನಿಂದ ಕಡೆದು ಮಾಡುತ್ತಾರೆ. ಅದರ ಮೇಲಿನ ಗೇರ್ ಕೂಡ ಅದೇ ಉಕ್ಕಿನದು. ಅದಕ್ಕೆ ಹಳೆಯ ಬೀಡಿನ ಗೇರ್ ಜೋಡಿಸಿದರೆ ಹಲ್ಲುಗಳು ಬಹುಬೇಗ ಚಾಕುವಿನ ಅಂಚಿನಂತೆ ತೆಳುವಾಗುತ್ತವೆ. 1985ರಲ್ಲಿ ಫೋರ್ಡ್ ಮಸ್ಟಾಂಗ್‌ನ 5.0 ಲೀಟರ್ ಎಂಜಿನ್ನಿಗೆ ರೋಲರ್ ಕ್ಯಾಮ್ ಬಂದಾಗ ಡಿಸ್ಟ್ರಿಬ್ಯೂಟರ್‌ಗೆ ಉಕ್ಕಿನ ಗೇರ್ ಬಂದದ್ದು ಇದೇ ಕಾರಣಕ್ಕೆ.

ರೇಸಿನವರು ಕಂಡುಕೊಂಡ ಹಳೆಯ ಉಪಾಯ ಕಂಚಿನ ಗೇರ್. ಕಂಚು ಉಕ್ಕಿಗಿಂತ ಮೆದು. ಉಕ್ಕಿನೊಡನೆ ಉಜ್ಜಿದರೂ ಕಚ್ಚಿಕೊಳ್ಳುವುದಿಲ್ಲ, ತಾನು ಸವೆಯುತ್ತದೆ. ಸವೆಯುವುದೇ ಅದರ ಕೆಲಸ. ಕ್ಯಾಮ್‌ಶಾಫ್ಟ್ ಬದಲಿಸಬೇಕಾದರೆ ಎಂಜಿನ್ನಿನ ಮುಂಭಾಗವನ್ನೆಲ್ಲ ಬಿಚ್ಚಬೇಕು. ಡಿಸ್ಟ್ರಿಬ್ಯೂಟರನ್ನು ಮೇಲಕ್ಕೆ ಎಳೆದು, ಪಿನ್ ತೆಗೆದು ಹೊಸ ಗೇರ್ ಕೂರಿಸುವುದು ಸ್ವಲ್ಪ ಹೊತ್ತಿನ ಕೆಲಸ. ಆದರೆ ಬೆಲೆ ತೆರದೆ ಉಪಾಯವಿಲ್ಲ: ಕಂಚಿನ ಪುಡಿ ಆಯಿಲ್‌ನಲ್ಲಿ ಸೇರುತ್ತದೆ, ಕಿಡಿಯ ಸಮಯ ನಿಧಾನವಾಗಿ ಜರುಗುತ್ತದೆ, ಗೇರನ್ನು ಆಗಾಗ ತೆಗೆದು ನೋಡಲೇಬೇಕು. ದಿನನಿತ್ಯ ರಸ್ತೆಯಲ್ಲಿ ಓಡುವ ಕಾರಿಗೆ ಇದು ಹೇಳಿಸಿದ್ದಲ್ಲ.

ನಂತರ ಬೇರೆ ದಾರಿಗಳೂ ತೆರೆದವು. ಉಕ್ಕಿನ ಗೇರ್‌ನ ಮೇಲ್ಪದರಕ್ಕೆ ಬಿಸಿ ಉಪ್ಪಿನ ದ್ರಾವಣದಲ್ಲಿ ನೈಟ್ರೋಜನ್ ಮತ್ತು ಇಂಗಾಲ ಉಣಿಸಿ ಅದನ್ನು ಉಜ್ಜುವಿಕೆಗೆ ತಡೆಯುವಂತೆ ಮಾಡುವುದು ಒಂದು. ಉಕ್ಕಿನ ಕ್ಯಾಮ್‌ಶಾಫ್ಟ್ ಮೇಲೆ ಬೀಡಿನ ಗೇರನ್ನೇ ಒತ್ತಿ ಕೂರಿಸಿ, ಡಿಸ್ಟ್ರಿಬ್ಯೂಟರ್‌ಗೂ ಬೀಡಿನದನ್ನೇ ಉಳಿಸಿಕೊಳ್ಳುವುದು ಇನ್ನೊಂದು. ಮೂರನೆಯದು ಬಲಪಡಿಸಿದ ಪ್ಲಾಸ್ಟಿಕ್ ಗೇರ್. ಇದು ಬೀಡಿನ ಕ್ಯಾಮ್‌ಶಾಫ್ಟಿಗೂ ಉಕ್ಕಿನದಕ್ಕೂ ಹೊಂದುತ್ತದೆ, ಆಯಿಲ್‌ಗೆ ಲೋಹದ ಪುಡಿ ಸೇರಿಸುವುದಿಲ್ಲ.

ಮೆದುವಾದುದನ್ನು ಸವೆಯಲು ಬಿಟ್ಟು ಗಟ್ಟಿಯಾದುದನ್ನು ಉಳಿಸಿಕೊಳ್ಳುವ ವಿವೇಕ ರೇಸಿನವರು ಕಂಡುಹಿಡಿದದ್ದೇನಲ್ಲ. ಯುರೋಪಿನ ಹಳೆಯ ನೀರುಗಿರಣಿಗಳಲ್ಲಿ ಕಬ್ಬಿಣದ ಚಕ್ರಕ್ಕೆ ಎದುರಾಗಿ ಮರದ ಹಲ್ಲುಗಳನ್ನು ಕೂರಿಸಿದ ಚಕ್ರವಿರುತ್ತಿತ್ತು. ಸದ್ದು ಕಡಿಮೆ, ಹಲ್ಲು ಮುರಿದರೆ ಅದೊಂದನ್ನೇ ಕಿತ್ತು ಬೇರೆ ಬಡಿಯಬಹುದಿತ್ತು. ಹಳೆಯ ಲಿಫ್ಟ್‌ಗಳ ಯಂತ್ರದಲ್ಲಿ ಉಕ್ಕಿನ ಸುರುಳಿಗೆ ಕಂಚಿನ ಚಕ್ರವೇ ಜೊತೆ. ನಮ್ಮ ಊರುಗಳಲ್ಲಿ ಎತ್ತಿನ ಗೊರಸಿಗೆ ಲಾಳ ಕಟ್ಟುವುದರ ಹಿಂದೆಯೂ ಇದೇ ಲೆಕ್ಕವಿದೆ: ಲಾಳ ಸವೆದರೆ ಹೊಸದು ಕಟ್ಟಬಹುದು, ಗೊರಸು ಸವೆದರೆ ಎತ್ತು ಮಲಗುತ್ತದೆ.

ಆಯ್ಕೆ ಸರಿಯಾದರೂ ಜೋಡಣೆ ತಪ್ಪಿದರೆ ಫಲವಿಲ್ಲ. ಅನುಭವಿಗಳು ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಅದು ಹಲ್ಲಿನ ನಡುವೆ ತಾಗುತ್ತಿದೆಯೇ ಅಂಚಿನಲ್ಲೇ ಎಂದು ನೋಡುತ್ತಾರೆ. ಶಾಫ್ಟ್ ಮೇಲೆ ಕೆಳಗೆ ಆಡುವ ಸಡಿಲವನ್ನು ತೆಳು ವಾಷರ್‌ಗಳಿಂದ ಸರಿಪಡಿಸುತ್ತಾರೆ. ಹೊಸ ಕ್ಯಾಮ್‌ಶಾಫ್ಟಿಗೆ ಹಳೆಯ ಸವೆದ ಗೇರ್ ಹಾಕುವುದಿಲ್ಲ. ಎಲ್ಲಕ್ಕಿಂತ ಮೊದಲು, ಕ್ಯಾಮ್‌ಶಾಫ್ಟ್ ತಯಾರಕರನ್ನು ಅದರ ಗೇರ್ ಯಾವ ಲೋಹದ್ದು ಎಂದು ಕೇಳುತ್ತಾರೆ. ನೋಡಿ ಹೇಳುವುದು ಸುಲಭವಲ್ಲ.

1997ರಲ್ಲಿ ಶೆವ್ರೊಲೆ ಕಾರ್ವೆಟ್‌ಗೆ ಬಂದ ಎಲ್‌ಎಸ್-1 ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಪ್ರತಿ ಸಿಲಿಂಡರಿಗೆ ಬೇರೆ ಕಾಯಿಲ್, ಆಯಿಲ್ ಪಂಪ್‌ಗೆ ಕ್ರ್ಯಾಂಕ್‌ಶಾಫ್ಟಿನಿಂದಲೇ ನೇರ ಚಾಲನೆ. ಹೊಸ ಕಾರುಗಳಲ್ಲಿ ಈ ಚಿಂತೆ ಮುಗಿದಿದೆ. ಆದರೆ ಹಳೆಯ ವಿನ್ಯಾಸದ ಎಂಜಿನ್‌ಗಳು ಅಮೆರಿಕದ ಊರೂರಿನ ಟ್ರ್ಯಾಕ್‌ಗಳಲ್ಲಿ ಇನ್ನೂ ಓಡುತ್ತಿವೆ. ಅಲ್ಲಿ ಎಂಜಿನ್ ಕಟ್ಟುವವರು ಯಾವುದು ಸವೆಯಬಾರದು ಎನ್ನುವುದಕ್ಕಿಂತ ಯಾವುದು ಸವೆದರೆ ನಷ್ಟ ಕಡಿಮೆ ಎಂಬುದನ್ನೇ ಮೊದಲು ತೀರ್ಮಾನಿಸಿಕೊಳ್ಳಬೇಕಾಗಿದೆ.